ಮಲೇರಿಯಾ ಸೊಳ್ಳೆಗೆ ಯಾವ ನೀರು ಬೇಕು? ಮಳೆ, ಬಿಸಿಲು, ನೆಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಓಣಿಗಳಲ್ಲಿ ಟಾರ್ಚು ಹಿಡಿದು ಸೊಳ್ಳೆಮರಿ ಹುಡುಕುವಾಗ, ಶಾಲೆಗಳಲ್ಲಿ ಮಾತಾಡುವಾಗ, ಮದುವೆಮನೆಯ ಊಟದ ಸಾಲಿನಲ್ಲಿ ಕೂಡ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ, ಮೆಸೇಜಿನಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. "ನೀರು ನಿಲ್ಲಲು ಬಿಡಬೇಡಿ" ಅನ್ನುವ ಬೋರ್ಡು ಎಲ್ಲ ಕಡೆ ಇದೆ. ಆದರೆ ಯಾವ ನೀರು, ಯಾವ ತಿಂಗಳಲ್ಲಿ, ಯಾವ ಸೊಳ್ಳೆಗೆ ಅಂತ ಕೇಳದೆ ಮಾಡಿದ ಕೆಲಸ ಎಷ್ಟೋ ಸಲ ದಂಡವಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

## ಮೊದಲು ತಿಳಿಯಬೇಕಾದ್ದು

ಮಲೇರಿಯಾ ಸೊಳ್ಳೆ ಚರಂಡಿ ಕೊಳಕಲ್ಲಿ ಹುಟ್ಟೋದು ಅಲ್ವಾ? ನಮ್ಮ ಮನೆ ಸುತ್ತ ಕ್ಲೀನಾಗಿದೆಯಲ್ಲ!

ಅಲ್ಲ. ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿಸಿಕೊಂಡ ತಪ್ಪು ತಿಳಿವಳಿಕೆ ಇದು. ಚರಂಡಿಯ ಕಪ್ಪು ನೀರಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಆನೆಕಾಲು ರೋಗ ಹರಡುವುದು ಅದು. ಡೆಂಗಿ ಹರಡುವ ಈಡಿಸ್‌ಗೆ ಹಳೇ ಟಯರು, ಹೂಕುಂಡದ ತಟ್ಟೆ, ತೆಂಗಿನ ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಸಾಕು. ಮಲೇರಿಯಾ ಹರಡುವುದು ಅನಾಫಿಲಿಸ್. ನಮ್ಮಲ್ಲಿ ರೋಗ ಹರಡುವ ಅನಾಫಿಲಿಸ್‌ಗಳು ಬಹುಮಟ್ಟಿಗೆ ತಿಳಿನೀರನ್ನೇ ಹುಡುಕುತ್ತವೆ. ನೀವು ಕುಡಿಯಲು ತುಂಬಿಟ್ಟ ಟ್ಯಾಂಕು, ಮನೆಯ ಬಾವಿ, ಗದ್ದೆಯ ನೀರು, ಹಳ್ಳದ ಅಂಚು. ಮನೆ ಸುತ್ತ ಕನ್ನಡಿಯಂತಿದ್ದು ತಾರಸಿಯ ಮೇಲಿನ ಟ್ಯಾಂಕಿಗೆ ಮುಚ್ಚಳ ಇಲ್ಲದಿದ್ದರೆ ಆ ಮನೆಯೇ ಇಡೀ ಬೀದಿಗೆ ಸೊಳ್ಳೆ ಒದಗಿಸುತ್ತದೆ.

ನೀರಲ್ಲಿ ಓಡಾಡೋ ಹುಳ ಮಲೇರಿಯಾ ಸೊಳ್ಳೆದೇ ಅಂತ ಬರಿಗಣ್ಣಿಗೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಮಕ್ಕಳೂ ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಬಿಳಿ ಮಗ್ಗಿನಲ್ಲಿ ನೀರು ಮೊಗೆದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ಕ್ಯೂಲೆಕ್ಸ್, ಈಡಿಸ್ ಮರಿಗಳಿಗೆ ಬಾಲದ ತುದಿಯಲ್ಲಿ ಉಸಿರಾಡುವ ಕೊಳವೆ ಇರುತ್ತದೆ. ಅವು ಕೊಳವೆಯನ್ನು ಮೇಲಕ್ಕೆ ಚಾಚಿ ತಲೆ ಕೆಳಗಾಗಿ ನೇತಾಡುತ್ತವೆ. ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ. ಹಾಗಾಗಿ ಅದು ನೀರಿನ ಮೇಲ್ಮೈಗೆ ಸಮನಾಗಿ, ತೇಲುವ ಕಡ್ಡಿಯ ಹಾಗೆ ಮಲಗಿರುತ್ತದೆ. ರೆಕ್ಕೆ ಬಂದ ಸೊಳ್ಳೆಯನ್ನೂ ಗುರುತಿಸಬಹುದು. ಗೋಡೆಯ ಮೇಲೆ ಕೂತಾಗ ಅನಾಫಿಲಿಸ್ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ರೆಕ್ಕೆಯಲ್ಲಿ ಚುಕ್ಕೆಗಳಿರುತ್ತವೆ.

ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಮಲೇರಿಯಾದ ರೋಗಾಣುವನ್ನು ಮೊದಲ ಸಲ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಇಂಥ ಚುಕ್ಕೆರೆಕ್ಕೆಯ ಸೊಳ್ಳೆಯಲ್ಲೇ. ಅದಕ್ಕೂ ಸುಮಾರು 14 ವರ್ಷ ಮೊದಲು ಅವರು ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ಯಾಕೆ ಇಷ್ಟು ಅಂತ ಹುಡುಕಿದಾಗ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಸಿಕ್ಕವು. ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಇದೆ ಅಂತ ಗೊತ್ತಾಗುವ ಎಷ್ಟೋ ಮೊದಲೇ ನಮ್ಮ ಬೆಂಗಳೂರಿನಲ್ಲಿ ಈ ಪಾಠ ಸಿಕ್ಕಿತ್ತು ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ.

ವಾರಕ್ಕೊಂದು ಸಲ ನೀರು ಖಾಲಿ ಮಾಡಿ ಅಂತೀರಿ. ವಾರವೇ ಯಾಕೆ, ತಿಂಗಳಿಗೊಮ್ಮೆ ಮಾಡಿದ್ರೆ ಆಗಲ್ವಾ?

ಆಗಲ್ಲ. ಮೊಟ್ಟೆ, ಮರಿ, ಗೂಡುಹುಳ ಈ ಮೂರೂ ನೀರಿನಲ್ಲೇ. ನಮ್ಮ ಕಡೆಯ ಬಿಸಿಲಿನಲ್ಲಿ, ಅಂದರೆ ನೀರು 27-30 ಡಿಗ್ರಿ ಇದ್ದಾಗ, ಮೊಟ್ಟೆಯಿಂದ ರೆಕ್ಕೆ ಬರುವ ತನಕ ಹೆಚ್ಚುಕಡಿಮೆ 7ರಿಂದ 10 ದಿನ. ನೀರು ತಣ್ಣಗಿದ್ದರೆ ಇದೇ ಕೆಲಸಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿದರೆ ಮರಿ ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ಹೆಣ್ಣು ಸೊಳ್ಳೆ ಒಂದು ಸಲಕ್ಕೆ 50ರಿಂದ 200 ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ವಾರ ತಪ್ಪಿದರೂ ಲೆಕ್ಕ ಬೇಗ ಕೈಮೀರುತ್ತದೆ.

ಒಂದು ಅನುಕೂಲವೂ ಇದೆ. ಈಡಿಸ್ ಮೊಟ್ಟೆ ಒಣಗಿದ ಡಬ್ಬದಲ್ಲಿ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಅನಾಫಿಲಿಸ್ ಮೊಟ್ಟೆಗೆ ಆ ತಾಕತ್ತಿಲ್ಲ, ಒಣಗಿಸಿದರೆ ಬೇಗ ಸಾಯುತ್ತದೆ.

ಅನಾಫಿಲಿಸ್ ಇರೋ ಊರಲ್ಲೆಲ್ಲ ಮಲೇರಿಯಾ ಇರಲೇಬೇಕಾ?

ಇರಬೇಕಿಲ್ಲ. ಸೊಳ್ಳೆ ಹುಟ್ಟುವಾಗ ಅದರಲ್ಲಿ ರೋಗಾಣು ಇರುವುದಿಲ್ಲ. ರೋಗಾಣು ಇರುವ ಮನುಷ್ಯನನ್ನು ಅದು ಕಚ್ಚಬೇಕು, ಆಮೇಲೆ ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರುವ ತನಕ ಬದುಕಿರಬೇಕು, ಆಮೇಲೆ ಇನ್ನೊಬ್ಬನನ್ನು ಕಚ್ಚಬೇಕು. ಈ ನಡುವಿನ ದಿನಗಳನ್ನು ದಾಟದೆ ಬಹಳಷ್ಟು ಸೊಳ್ಳೆಗಳು ಸಾಯುತ್ತವೆ. ಅದಕ್ಕೇ ಹವೆಯ ವಿಷಯದಲ್ಲಿ ಎರಡು ಬೇರೆ ಪ್ರಶ್ನೆ ಕೇಳಬೇಕು: ಸೊಳ್ಳೆ ಎಷ್ಟು ಹುಟ್ಟಿತು, ಹುಟ್ಟಿದ್ದು ಎಷ್ಟು ದಿನ ಬದುಕಿತು.

## ಮಳೆ, ಬರ, ಬಿಸಿಲು, ಚಳಿ

ಜೋರು ಮಳೆ ಬಂದ್ರೆ ಸೊಳ್ಳೆಮರಿ ಕೊಚ್ಚಿಕೊಂಡು ಹೋಗಲ್ವಾ? ಮತ್ತೆ ಮಳೆಗಾಲದಲ್ಲೇ ಯಾಕೆ ಜ್ವರ?

ಎರಡೂ ನಿಜ. ಮಳೆ ಹೇಗೆ ಬಂತು, ಎಲ್ಲಿ ಬಂತು ಅನ್ನುವುದರ ಮೇಲೆ ಹೋಗುತ್ತದೆ. ಜುಲೈಯಲ್ಲಿ ಮಲೆನಾಡಿನ ಹಳ್ಳಗಳು ಕೆಂಪಗೆ ಉಕ್ಕಿ ಹರಿಯುವಾಗ ಅಂಚಿನ ಹುಲ್ಲಿನಲ್ಲಿದ್ದ ಮರಿಗಳೆಲ್ಲ ಕೊಚ್ಚಿಹೋಗುತ್ತವೆ. ಮಳೆ ಬಿಟ್ಟು ನೀರು ಇಳಿದು ತಿಳಿಯಾದಾಗ ಮತ್ತೆ ಶುರು. ಅದೇ ಜುಲೈಯಲ್ಲಿ ಪೇಟೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಲಿಫ್ಟಿನ ಗುಂಡಿಯಲ್ಲಿ ನೀರು ನಿಂತೇ ಇರುತ್ತದೆ, ಅಲ್ಲಿ ಕೊಚ್ಚುವವರು ಯಾರೂ ಇಲ್ಲ. ಬಿಟ್ಟು ಬಿಟ್ಟು ಬರುವ ಮಳೆ, ನಡುವೆ ನಾಲ್ಕೈದು ದಿನ ಬಿಸಿಲು ಇದ್ದರೆ ಸೊಳ್ಳೆಗೆ ಹಬ್ಬ. ಇನ್ನೊಂದು ವಿಷಯ, ಮಳೆಗಾಲದಲ್ಲಿ ಗಾಳಿ ತೇವವಾಗಿರುತ್ತದೆ. ಗಾಳಿಯಲ್ಲಿ ತೇವ ಶೇಕಡಾ 60ಕ್ಕಿಂತ ಕೆಳಗಿಳಿದರೆ ಸೊಳ್ಳೆಯ ಆಯುಸ್ಸು ಕಡಿಮೆಯಾಗುತ್ತದೆ. ಮಳೆ ಹುಟ್ಟಿಸುವುದೂ ಹೌದು, ಬದುಕಿಸುವುದೂ ಹೌದು.

ಬರಗಾಲದಲ್ಲಿ ನೀರೇ ಇಲ್ಲ ಅಂದ್ಮೇಲೆ ಮಲೇರಿಯಾ ಎಲ್ಲಿಂದ?

ಹೀಗೆ ಕೇಳಿದವರಿಗೆಲ್ಲ ನಾನು ಶ್ರೀಲಂಕಾದ ಕಥೆ ಹೇಳುತ್ತೇನೆ. 1934ರಲ್ಲಿ ಅಲ್ಲಿ ನೈರುತ್ಯ ಮುಂಗಾರು ಕೈಕೊಟ್ಟಿತು. ದ್ವೀಪದ ತೇವ ಪ್ರದೇಶದಲ್ಲಿ ನದಿಗಳು ಮಾಮೂಲಾಗಿ ತುಂಬಿ ರಭಸವಾಗಿ ಹರಿಯುತ್ತವೆ. ಆ ಹರಿವಿನಲ್ಲಿ ಸೊಳ್ಳೆ ಮೊಟ್ಟೆ ಇಡಲಾರದು, ಹಾಗಾಗಿ ಅಲ್ಲಿನ ಜನಕ್ಕೆ ಮಲೇರಿಯಾ ಅಷ್ಟಾಗಿ ಗೊತ್ತಿರಲಿಲ್ಲ. ಆ ವರ್ಷ ನದಿ ಬತ್ತಿತು. ಬತ್ತಿದ ನದಿ ಪೂರ್ತಿ ಒಣಗಲಿಲ್ಲ. ಮರಳಿನ ನಡುವೆ, ಬಂಡೆಗಳ ಸಂದಿಯಲ್ಲಿ ಸಾವಿರಾರು ತಿಳಿನೀರಿನ ಗುಂಡಿಗಳಾಗಿ ನಿಂತಿತು. ಬಿಸಿಲು ಬೀಳುವ ಇಂಥ ಗುಂಡಿ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನುವ ಸೊಳ್ಳೆಗೆ ತೀರಾ ಇಷ್ಟ. 1935ರ ಹೊತ್ತಿಗೆ ಸುಮಾರು 80,000 ಜನ ತೀರಿಕೊಂಡರು. ಮೊದಲು ಜ್ವರ ಬಂದು ಮೈ ಗಟ್ಟಿಯಾಗದ ಜನ, ಜೊತೆಗೆ ಬೆಳೆ ಹೋಗಿ ಹಸಿದ ಹೊಟ್ಟೆ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಪೇಟೆಗಳಲ್ಲಿ ಬರದ ಕೆಲಸ ಬೇರೆ ರೀತಿ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬಂದರೆ ಜನ ಡ್ರಮ್ಮು, ಬ್ಯಾರಲ್ಲು, ಸಂಪು ಎಲ್ಲದರಲ್ಲಿ ತುಂಬಿಡುತ್ತಾರೆ. ತುಂಬಿಡದೆ ಏನು ಮಾಡುತ್ತಾರೆ? ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಲ್ಲಿಯಲ್ಲಿ ದಿನಾ ನೀರು ಬರುವಂತೆ ಮಾಡುವುದೂ ಮಲೇರಿಯಾದ ಕೆಲಸವೇ ಅಂತ ನಾನು ನಂಬುತ್ತೇನೆ.

ಬಿಸಿಲು ಹೆಚ್ಚಾದಷ್ಟೂ ಮಲೇರಿಯಾ ಹೆಚ್ಚು ಅಂತಾರೆ, ಹೌದಾ? ಹಾಗಾದ್ರೆ ಕಲಬುರಗಿಯ ಬೇಸಿಗೆಯಲ್ಲಿ ಎಲ್ಲರಿಗೂ ಬರಬೇಕಿತ್ತಲ್ಲ?

ಒಂದು ಹದದ ತನಕ ಮಾತ್ರ ಹೌದು. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಬೆಳೆಯಲು ಶಾಖ ಬೇಕು. ನಮ್ಮಲ್ಲಿ ಮಲೇರಿಯಾ ರೋಗಾಣುವಿನ ಮುಖ್ಯ ಜಾತಿ ಎರಡು, ವೈವ್ಯಾಕ್ಸ್ ಮತ್ತು ಫಾಲ್ಸಿಪಾರಂ. 25 ಡಿಗ್ರಿಯಲ್ಲಿ ವೈವ್ಯಾಕ್ಸ್‌ಗೆ ಸುಮಾರು 10 ದಿನ, ಫಾಲ್ಸಿಪಾರಂಗೆ ಸುಮಾರು 12 ದಿನ. 20 ಡಿಗ್ರಿಗೆ ಇಳಿದರೆ ಸುಮಾರು 19 ಮತ್ತು 28 ದಿನ. 18 ಡಿಗ್ರಿಯಲ್ಲಿ ಫಾಲ್ಸಿಪಾರಂಗೆ 50 ದಿನ ದಾಟುತ್ತದೆ. ಅಷ್ಟು ದಿನ ಬದುಕುವ ಸೊಳ್ಳೆ ಇಲ್ಲವೆಂದೇ ಹೇಳಬಹುದು. ಹಾಗಾಗಿ ತಣ್ಣನೆಯ ಊರಲ್ಲಿ ಸೊಳ್ಳೆ ಇದ್ದರೂ ಜ್ವರ ಹರಡುವುದಿಲ್ಲ.

ಮೇಲಕ್ಕೆ ಹೋದರೂ ಕಷ್ಟವೇ. ಶಾಖ 30 ದಾಟಿ ಏರುತ್ತಾ ಹೋದರೆ ರೋಗಾಣು ಬೇಗ ಬೆಳೆದರೂ ಸೊಳ್ಳೆ ಬೇಗ ಸಾಯುತ್ತದೆ, ಸಣ್ಣ ಗುಂಡಿಗಳು ಒಣಗುತ್ತವೆ, ಉಳಿದ ನೀರು 40 ಡಿಗ್ರಿ ಮುಟ್ಟಿದರೆ ಮರಿಗಳೂ ಉಳಿಯುವುದಿಲ್ಲ. ಹರಡಲು ತೀರಾ ಅನುಕೂಲ 25 ಡಿಗ್ರಿ ಆಸುಪಾಸು. ಕಲಬುರಗಿಯ ಮೇ ತಿಂಗಳ 42 ಡಿಗ್ರಿಯ ಒಣಗಾಳಿ ಮನುಷ್ಯರ ಹಾಗೆ ಸೊಳ್ಳೆಯನ್ನೂ ಬೇಯಿಸುತ್ತದೆ. ಮಂಗಳೂರಿನಲ್ಲಿ ಹಾಗಲ್ಲ. ವರ್ಷವಿಡೀ 22ರಿಂದ 33 ಡಿಗ್ರಿ, ವರ್ಷವಿಡೀ ಬೆವರು. ಸೊಳ್ಳೆಗೆ ರಜೆಯೇ ಇಲ್ಲದ ಹವೆ.

ಊಟಿಗೆ ಹೋದವ್ರಿಗೂ ಮಲೇರಿಯಾ ಬಂದಿದೆಯಂತೆ, ಅಲ್ಲಿ ಚಳಿ ಅಲ್ವಾ?

ಊಟಿ 2,200 ಮೀಟರಿಗಿಂತ ಮೇಲಿದೆ, ಅಲ್ಲಿ ಹರಡುವುದು ಕಷ್ಟ. ಆದರೆ ಬೆಟ್ಟದ ಬುಡ ಬಿಸಿ. 1897ರಲ್ಲಿ ರಾಸ್ ಊಟಿಗೆ ರಜೆಗೆ ಹೋದರು. ಅಲ್ಲಿಂದ ಕೆಳಗಿನ ಸೀಗೂರು ಘಾಟಿಗೆ ಇಳಿದು ಮಲೇರಿಯಾ ಹುಡುಕುತ್ತಾ ತಿರುಗಿ ತಾವೇ ಜ್ವರ ಹಚ್ಚಿಕೊಂಡು ಬಂದರು. ಬೆಟ್ಟದ ಊರಿಗೆ ಹೋಗಿ ಜ್ವರ ತಂದವರು ಹೆಚ್ಚಾಗಿ ದಾರಿಯಲ್ಲಿ, ತಪ್ಪಲಿನಲ್ಲಿ ಕಚ್ಚಿಸಿಕೊಂಡವರು.

## ಊರು ಊರಿನ ನೀರು

ಮಂಗಳೂರಿಗೇ ಯಾಕೆ ಇಷ್ಟು ಮಲೇರಿಯಾ? ನಾವೇನು ಪಾಪ ಮಾಡಿದ್ವಿ?

ಪಾಪ ಅಲ್ಲ, ಕಾಂಕ್ರೀಟು. 1990ರ ದಶಕದಿಂದ ಈ ಊರು ಮೇಲಕ್ಕೆ ಬೆಳೆಯಲು ಶುರುಮಾಡಿತು. ಮಲೇರಿಯಾವೂ ಆಗಲೇ ಜೋರಾಯಿತು. ಇಲ್ಲಿನ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಇದು ಪೇಟೆಯನ್ನು ಒಗ್ಗಿಸಿಕೊಂಡ ಸೊಳ್ಳೆ. ಟ್ಯಾಂಕು, ಸಂಪು, ಬಾವಿ, ಬ್ಯಾರಲ್ಲು, ಮಳೆನೀರು ನಿಂತ ಸ್ಲ್ಯಾಬು, ಎಲ್ಲಾದರೂ ಸರಿ.

ಕಟ್ಟಡ ಕಟ್ಟುವಾಗ ಏನಾಗುತ್ತದೆ ನೋಡಿ. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್ ಅಂತ ಸುತ್ತ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಕನಿಷ್ಠ 7 ದಿನ ನಿಲ್ಲಿಸಬೇಕು, ಸಿಮೆಂಟು ಬೇರೆಯಾದರೆ 10 ದಿನ. ಸೊಳ್ಳೆಗೆ ಬೇಕಾದ್ದೂ ಸರಿಯಾಗಿ ಅಷ್ಟೇ ದಿನ! ಒಂದು ಮಹಡಿ ಮುಗಿಯುವ ಹೊತ್ತಿಗೆ ಮೇಲಿನ ಮಹಡಿ ತಯಾರು. ಕೆಳಗೆ ಬೇಸ್‌ಮೆಂಟಿನಲ್ಲಿ ಒಸರು ನೀರು. ಕಟ್ಟಡದಲ್ಲೇ, ಬಾಗಿಲು ಕಿಟಕಿ ಇಲ್ಲದ ಕೋಣೆಯಲ್ಲಿ, ದೂರದೂರಿಂದ ಬಂದ ಕೆಲಸಗಾರರು ಮಲಗುತ್ತಾರೆ. ಅವರಲ್ಲಿ ಯಾರಿಗೋ ಮೊದಲೇ ವೈವ್ಯಾಕ್ಸ್ ಇರಬಹುದು. ಅದು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುವ ಜಾತಿ. "ಹೊರಗಿನವರು ರೋಗ ತಂದರು" ಅಂತ ಜನ ಹೇಳಿದಾಗ ನನಗೆ ನೋವಾಗುತ್ತದೆ. ಆ ಕೆಲಸಗಾರರೇ ಮೊದಲು ಜ್ವರದಲ್ಲಿ ಬೀಳುವವರು, ದಿನಗೂಲಿ ಕಳೆದುಕೊಳ್ಳುವವರು. ನೀರು ನಿಲ್ಲಿಸಿದ್ದು ಅವರ ನಿರ್ಧಾರ ಅಲ್ಲ, ಸೊಳ್ಳೆಪರದೆ ಕೊಡದಿದ್ದದ್ದೂ ಅವರ ತಪ್ಪಲ್ಲ.

ಮುಂಬೈ ಇದನ್ನು ನೂರು ವರ್ಷ ಹಿಂದೆಯೇ ಕಂಡಿತ್ತು. 1911ರಲ್ಲಿ ಬೆಂಟ್ಲಿ ಅನ್ನುವ ವೈದ್ಯಾಧಿಕಾರಿ ಅಲ್ಲಿನ ಮಲೇರಿಯಾದ ಬೇರು ಮನೆಮನೆಯ ಬಾವಿಯಲ್ಲಿದೆ, ಸೊಳ್ಳೆ ಸ್ಟೀಫೆನ್ಸಿ ಅಂತ ತೋರಿಸಿದರು. ಬಾವಿ ಮುಚ್ಚಿ, ಟ್ಯಾಂಕಿಗೆ ಮುಚ್ಚಳ ಹಾಕಿ ಅನ್ನುವ ಕಾನೂನು ಅಲ್ಲಿ ಬಂದದ್ದು ಇದರಿಂದ.

ಮಂಗಳೂರಿನಲ್ಲಿ 2015ರಲ್ಲಿ ಪಾಲಿಕೆ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕೊಟ್ಟು ಪ್ರತಿ ರೋಗಿಯ ಮನೆಯನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸ ಶುರುವಾಯಿತು. ಜ್ವರ ಎಲ್ಲಿ ಅಂತ ಗೊತ್ತಾದರೆ ಅದರ ಸುತ್ತಲಿನ ನೀರು ಹುಡುಕುವುದು ಸುಲಭ. ಆಮೇಲಿನ ವರ್ಷಗಳಲ್ಲಿ ರೋಗಿಗಳ ಸಂಖ್ಯೆ ಚೆನ್ನಾಗಿ ಇಳಿದಿದೆ. ಕ್ಯೂರಿಂಗ್‌ಗೆ ನೀರು ಕಟ್ಟುವ ಬದಲು ಒದ್ದೆ ಗೋಣಿಚೀಲ ಹಾಸಿದರೂ ಆಗುತ್ತದೆ, ಎಷ್ಟೋ ಮೇಸ್ತ್ರಿಗಳು ಈಗ ಹಾಗೇ ಮಾಡುತ್ತಿದ್ದಾರೆ.

ಅಜ್ಜಿ ಹೇಳ್ತಿದ್ರು, ಹಿಂದೆ ಮಲೆನಾಡಿಗೆ ಹೆಣ್ಣು ಕೊಡೋಕೆ ಹೆದರ್ತಿದ್ರಂತೆ, ಚಳಿಜ್ವರಕ್ಕೆ. ಅಷ್ಟು ಕಾಡು, ಅಷ್ಟು ಶುದ್ಧ ನೀರು ಇರೋ ಕಡೆ ಯಾಕೆ ಬಂತು?

ಶುದ್ಧ ನೀರು ಇದ್ದದ್ದಕ್ಕೇ ಬಂತು. ಮಲೆನಾಡಿನ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಇದಕ್ಕೆ ನಿಂತ ನೀರು ಅಷ್ಟಾಗಿ ಹಿಡಿಸದು, ಮೆಲ್ಲಗೆ ಹರಿಯುವ ತಣ್ಣನೆಯ ತಿಳಿನೀರು ಬೇಕು. ಹಳ್ಳದ ಅಂಚಿನಲ್ಲಿ ಹುಲ್ಲು ನೀರಿಗೆ ಬಾಗಿರುತ್ತದಲ್ಲ, ಅದರ ಬುಡದಲ್ಲಿ ಹರಿವು ನಿಧಾನವಾಗುತ್ತದೆ. ಮರಿಗಳು ಅಲ್ಲಿ ಆತುಕೊಂಡಿರುತ್ತವೆ. ತೋಟದ ಕಪ್ಪು (ನೀರು ಬಸಿಯುವ ಕಾಲುವೆ), ಗದ್ದೆಗೆ ತಿರುಗಿಸಿದ ಸಣ್ಣ ಕಾಲುವೆ, ಒಸರುವ ಝರಿ, ಎಲ್ಲ ಅದಕ್ಕೆ ಹೇಳಿಮಾಡಿಸಿದ ಹಾಗೆ. ಮಳೆಗಾಲದ ಪ್ರವಾಹ ಕಳೆದ ಮೇಲೆ ಮತ್ತು ಮಳೆಗೆ ಮೊದಲು ಇದರ ಕಾಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಡಿಡಿಟಿ ಅನ್ನುವ ಕೀಟನಾಶಕ ಬಂದು ಅದನ್ನು ಮನೆಯೊಳಗೆ ಗೋಡೆಗೆ ಹೊಡೆದಾಗ ಈ ಸೊಳ್ಳೆ ಬೇಗ ಸೋತಿತು, ಯಾಕೆಂದರೆ ರಕ್ತ ಕುಡಿದು ಅದು ಗೋಡೆಯ ಮೇಲೇ ಕೂತು ಸುಧಾರಿಸಿಕೊಳ್ಳುತ್ತಿತ್ತು. ಜ್ವರ ಹೋದ ಮೇಲೆ ಬಯಲುಸೀಮೆಯವರೂ ಬಂದು ನೆಲೆಸಿದರು.

ಇಲ್ಲಿ "ನೀರು ನಿಲ್ಲಲು ಬಿಡಬೇಡಿ" ಬೋರ್ಡು ಹಾಕಿದರೆ ಏನೂ ಆಗದು. ಅಂಚಿನ ಹುಲ್ಲು ಕೊಯ್ದು ಹರಿವು ಸರಾಗ ಮಾಡಬೇಕು.

ನಾಲೆ ಬಂದ್ಮೇಲೆ ಜ್ವರ ಬಂತು ಅಂತ ಮಂಡ್ಯದ ಕಡೆ ಹಳಬರು ಹೇಳ್ತಾರೆ. ನೀರಾವರಿ ಮಾಡಿದ್ದು ತಪ್ಪಾ?

ಹಳಬರು ಹೇಳುವುದು ನಿಜ. 1930ರ ದಶಕದಲ್ಲಿ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಗೆ ನೀರು ತಂದಾಗ ಮಲೇರಿಯಾವೂ ಜೊತೆಗೆ ಬಂತು. ನಾಲೆಯ ಮಣ್ಣು ತೆಗೆದ ಗುಂಡಿಗಳು, ಸೋರುವ ತೂಬು, ಬಸಿಗಾಲುವೆ ಇಲ್ಲದೆ ಜೌಗಾದ ಹೊಲ, ಹೊಸ ಭತ್ತದ ಗದ್ದೆ. ಇಲ್ಲಿನ ಸೊಳ್ಳೆ ಶ್ರೀಲಂಕಾದಲ್ಲಿ ನೋಡಿದ ಅದೇ ಕ್ಯುಲಿಸಿಫೇಸಿಸ್. ರಾಜಸ್ಥಾನದ ಥಾರ್ ಮರುಭೂಮಿಯಲ್ಲೂ ಹೀಗೇ ಆಯಿತು. ಮೊದಲು ಅಲ್ಲಿ ಮಳೆನೀರು ಹಿಡಿಯುವ ನೆಲದಡಿಯ ಟಾಂಕಾಗಳಲ್ಲಿ ಸ್ಟೀಫೆನ್ಸಿ ಇತ್ತು. ಇಂದಿರಾಗಾಂಧಿ ನಾಲೆ ಬಂದ ಮೇಲೆ ಕ್ಯುಲಿಸಿಫೇಸಿಸ್ ಕಾಲಿಟ್ಟಿತು. 1994ರಲ್ಲಿ ಜಾಸ್ತಿ ಮಳೆಯೂ ಸುರಿದು ದೊಡ್ಡ ಪಿಡುಗು ಹಬ್ಬಿತು.

ನೀರಾವರಿ ತಪ್ಪಲ್ಲ. ಬಸಿದುಹೋಗುವ ದಾರಿ ಮಾಡದೆ ನೀರು ತಂದದ್ದು ತಪ್ಪು. ಗದ್ದೆಯೂ ಬೆಳೆಯುದ್ದಕ್ಕೂ ಅಪಾಯವಲ್ಲ. ನಾಟಿ ಮಾಡಿದ ಮೊದಲ ಕೆಲವು ವಾರ ಪೈರು ಚಿಕ್ಕದು, ನೀರಿಗೆ ಬಿಸಿಲು ನೇರ ಬೀಳುತ್ತದೆ. ಆಗ ಮರಿ ಜಾಸ್ತಿ. ಪೈರು ಒಂದಡಿ ದಾಟಿದ ಮೇಲೆ ಕ್ಯುಲಿಸಿಫೇಸಿಸ್ ಅಲ್ಲಿ ಮೊಟ್ಟೆ ಇಡುವುದನ್ನು ಬಿಟ್ಟುಬಿಡುತ್ತದೆ. ಯಾಕೆ ಅಂತ ತಮಿಳುನಾಡಿನ ಪಟ್ಟುಕೋಟೆಯಲ್ಲಿ ರಸೆಲ್ ಮತ್ತು ರಾವ್ 1940ರ ದಶಕದ ಆರಂಭದಲ್ಲಿ ಪರೀಕ್ಷೆ ಮಾಡಿ ನೋಡಿದರು. ಈ ಸೊಳ್ಳೆ ನೀರಿನ ಮೇಲೆ ಹಾರಾಡುತ್ತಲೇ ಮೊಟ್ಟೆ ಉದುರಿಸುತ್ತದೆ, ನಡುವೆ ಪೈರು ಎದ್ದು ನಿಂತರೆ ಹಾರಾಟಕ್ಕೆ ಅಡ್ಡಿ. ನೆರಳಿಗಿಂತ ಆ ಅಡ್ಡಿಯೇ ದೊಡ್ಡ ಕಾರಣ. ಎಷ್ಟು ಚಿಕ್ಕ ಸಂಗತಿ, ಅಲ್ವಾ? ನಾಟಿಯಾದ ಮೇಲೆ ಗದ್ದೆಗೆ ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟುವ ಪದ್ಧತಿಯಲ್ಲಿ ಮರಿಗಳು ಸಾಯುತ್ತವೆ, ನೀರೂ ಉಳಿಯುತ್ತದೆ.

ಬಾವಿಗೆ ಮೀನು ಬಿಟ್ರೆ ಸಾಕಾ? ಔಷಧಿ ಹೊಡೆಸೋದು ನಮಗೆ ಆಗಲ್ಲ, ರೇಷ್ಮೆ ಹುಳ ಸಾಕ್ತೀವಿ.

ನಿಮ್ಮ ಭಯ ನ್ಯಾಯವಾದದ್ದು. ಮನೆಯೊಳಗೆ ಕೀಟನಾಶಕ ಹೊಡೆದರೆ ರೇಷ್ಮೆ ಹುಳ ಉಳಿಯದು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ಸೊಳ್ಳೆ ಮುಖ್ಯವಾಗಿ ಬಾವಿಗಳಲ್ಲೇ ಹುಟ್ಟುತ್ತಿದೆ ಅಂತ ಪತ್ತೆಹಚ್ಚಿ, ಬಾವಿಗೆ ಗುಪ್ಪಿ, ಕೆರೆಕಟ್ಟೆಗೆ ಗಾಂಬೂಸಿಯಾ ಬಿಟ್ಟು ಮಲೇರಿಯಾ ಇಳಿಸಿದ್ದಾರೆ. ಅಲ್ಲಿ ಫಲ ಕೊಟ್ಟದ್ದು ಯಾಕೆಂದರೆ ಸೊಳ್ಳೆಯ ನೀರು ಲೆಕ್ಕಕ್ಕೆ ಸಿಗುವಷ್ಟಿತ್ತು, ಬಾವಿಗಳನ್ನು ಎಣಿಸಬಹುದಿತ್ತು. ಹಳ್ಳದ ಅಂಚಿಗೆ, ದನದ ಗೊರಸಿನ ಗುಂಡಿಗೆ ಮೀನು ಬಿಡಲಾಗದು. ಒಂದು ಎಚ್ಚರ: ಗಾಂಬೂಸಿಯಾ ಬೇರೆ ಮೀನಿನ ಮೊಟ್ಟೆಮರಿಯನ್ನೂ ತಿನ್ನುತ್ತದೆ. ನಾಡಮೀನು ಇರುವ ಹೊಳೆಗೆ ದಯವಿಟ್ಟು ಬಿಡಬೇಡಿ. ಬಾವಿಗೆ ಗುಪ್ಪಿ ಸಾಕು.

ಸಮುದ್ರದ ಉಪ್ಪುನೀರಲ್ಲಿ ಹುಟ್ಟಲ್ಲ ತಾನೆ?

ಬರೀ ಸಮುದ್ರದ ಅಲೆಯಲ್ಲಿ ಇಲ್ಲ. ಆದರೆ ಸಿಹಿ ಉಪ್ಪು ಬೆರೆತ ಹಿನ್ನೀರಿನಲ್ಲಿ ಹುಟ್ಟುವ ಒಂದು ಜಾತಿ ಇದೆ, ಅನಾಫಿಲಿಸ್ ಸಂಡೈಕಸ್. ಅಂಡಮಾನ್ ನಿಕೋಬಾರ್‌ನಲ್ಲಿ ಮಲೇರಿಯಾ ಹರಡುವುದು ಅದೇ. 2004ರ ಸುನಾಮಿಯಲ್ಲಿ ಕಡಲು ಗದ್ದೆಗಳಿಗೆ ನುಗ್ಗಿ ನಿಂತಾಗ ಅದಕ್ಕೆ ಹೊಸ ಜಾಗ ಸಿಕ್ಕಿತು. ನಮ್ಮ ಮಂಗಳೂರಿನ ತೊಂದರೆ ಅದರದ್ದಲ್ಲ.

## ಇನ್ನೂ ಆಳಕ್ಕೆ ಕೇಳುವವರಿಗೆ

ಕಾಡು ಕಡಿದ್ರೆ ಮಲೇರಿಯಾ ಹೆಚ್ಚಾಗುತ್ತಾ ಕಡಿಮೆ ಆಗುತ್ತಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಅಲ್ಲಿರುವ ಸೊಳ್ಳೆಗೆ ನೆರಳು ಬೇಕೋ ಬಿಸಿಲು ಬೇಕೋ ಅನ್ನುವುದರ ಮೇಲೆ ಉತ್ತರ ಇದೆ. ಮಲಯಾದಲ್ಲಿ, ಅಂದರೆ ಈಗಿನ ಮಲೇಶಿಯಾದಲ್ಲಿ, ಮಾಲ್ಕಂ ವಾಟ್ಸನ್ ಅನ್ನುವ ವೈದ್ಯರು 1901ರಿಂದ ಕ್ಲಾಂಗ್ ಪಟ್ಟಣದಲ್ಲಿ ಕಾಡು ತೆಗೆದು ಜೌಗು ಬಸಿದು ಮಲೇರಿಯಾ ಇಳಿಸಿದರು. ತಗ್ಗಿನ ಆ ಜೌಗಿನ ಸೊಳ್ಳೆ ನೆರಳಿನದ್ದು. ಅದೇ ಉಪಾಯವನ್ನು ಗುಡ್ಡದ ರಬ್ಬರ್ ತೋಟಗಳಲ್ಲಿ ಮಾಡಿದಾಗ ಉಲ್ಟಾ ಆಯಿತು. ಮರ ಹೋಗಿ ತೊರೆಗೆ ಬಿಸಿಲು ಬಿತ್ತು, ಬಿಸಿಲಿನ ತೊರೆ ಬೇಕಾದ ಅನಾಫಿಲಿಸ್ ಮ್ಯಾಕುಲೇಟಸ್ ಬಂತು, ಕೂಲಿಗಳು ಜ್ವರದಲ್ಲಿ ಬಿದ್ದರು. ನಮ್ಮ ಈಶಾನ್ಯ ರಾಜ್ಯಗಳ ದಟ್ಟ ಕಾಡಿನಲ್ಲಿ ನೆರಳಿನ ಸಣ್ಣ ಗುಂಡಿಗಳಲ್ಲಿ ಹುಟ್ಟುವ ಬೈಮೈ ಅನ್ನುವ ಸೊಳ್ಳೆ ಇದೆ, ಕಾಡು ಹೋದರೆ ಅದೂ ಹೋಗುತ್ತದೆ, ಆದರೆ ಬಯಲಿನ ಸೊಳ್ಳೆಗಳು ಆ ಜಾಗಕ್ಕೆ ಬರುತ್ತವೆ. ಮಲೇರಿಯಾ ಹೋಗಲಿ ಅಂತ ಕಾಡು ಕಡಿಯುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಪಕ್ಕದ ಊರಲ್ಲೂ ಅದೇ ಹಳ್ಳ, ಅದೇ ಸೊಳ್ಳೆ. ಅಲ್ಲಿ ಜ್ವರ, ಇಲ್ಲಿ ಇಲ್ಲ. ಹೇಗೆ?

"ಅದೇ ಸೊಳ್ಳೆ" ಅನ್ನುವುದೇ ಅನುಮಾನ. ಕ್ಯುಲಿಸಿಫೇಸಿಸ್ ಅಂತ ನಾವು ಕರೆಯುವುದು ನಿಜವಾಗಿ ಐದು ಸೋದರ ಜಾತಿಗಳು, ಕಣ್ಣಿಗೆ ಒಂದೇ ಥರ. ಅವುಗಳಲ್ಲಿ 'ಬಿ' ಅನ್ನುವುದು ಮಲೇರಿಯಾ ಹರಡುವುದು ತೀರಾ ಕಡಿಮೆ. ಫ್ಲೂವಿಯಾಟಿಲಿಸ್‌ನಲ್ಲೂ 'ಎಸ್' ಮನುಷ್ಯರ ರಕ್ತ ಬಯಸುತ್ತದೆ, 'ಟಿ' ಮತ್ತು 'ಯು' ದನದ ಕೊಟ್ಟಿಗೆಯಲ್ಲೇ ತೃಪ್ತಿಪಡುತ್ತವೆ. ಸ್ಟೀಫೆನ್ಸಿಯಲ್ಲೂ ಹೀಗೇ. 1937ರಲ್ಲಿ ಸ್ವೀಟ್ ಮತ್ತು ರಾವ್ ಮೈಸೂರು ಸಂಸ್ಥಾನದ ಸೊಳ್ಳೆಗಳ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ತೇಲುಚೀಲದ ಮೇಲಿನ ಗೆರೆಗಳನ್ನು ಎಣಿಸಿದರು. ಪೇಟೆಯ ಸೊಳ್ಳೆಯ ಮೊಟ್ಟೆಗೆ ಗೆರೆ ಹೆಚ್ಚು, ಹಳ್ಳಿಯದಕ್ಕೆ ಕಡಿಮೆ. ಹಳ್ಳಿಯ ಬಗೆಗೆ ನಮ್ಮ ಮೈಸೂರಿನ ಹೆಸರಲ್ಲೇ 'ಮೈಸೊರೆನ್ಸಿಸ್' ಅಂತ ಹೆಸರಾಯಿತು. ಅದು ಹೆಚ್ಚಾಗಿ ದನದ ರಕ್ತದ ಮೇಲೆ ಬದುಕುತ್ತದೆ.

ನಮ್ಮ ಸೊಳ್ಳೆ ಆಫ್ರಿಕಾಕ್ಕೆ ಹೋಗಿದೆಯಂತೆ, ನಿಜಾನಾ? ಅಲ್ಲಿ ಮೊದಲೇ ಮಲೇರಿಯಾ ಇರಲಿಲ್ವಾ?

ನಿಜ. ತುಂಬಾ ಚಿಂತೆಯ ಸುದ್ದಿ ಅದು. ಆಫ್ರಿಕಾದ ಮುಖ್ಯ ಸೊಳ್ಳೆ ಗ್ಯಾಂಬಿಯೆ ಹಳ್ಳಿಯ ಜಾತಿ. ಮಳೆ ಬಂದಾಗ ಗಾಡಿ ಜಾಡಿನ ಗುಂಡಿ, ಗೊರಸಿನ ಗುಂಡಿಯಂಥ ಬಿಸಿಲುನೀರಲ್ಲಿ ಹುಟ್ಟುತ್ತದೆ. ದೊಡ್ಡ ಪೇಟೆಯ ನಡುವೆ ಅದಕ್ಕೆ ಅಷ್ಟಾಗಿ ಜಾಗ ಇಲ್ಲ, ಒಣ ತಿಂಗಳಲ್ಲಿ ಅದು ಕುಗ್ಗುತ್ತದೆ. ಸ್ಟೀಫೆನ್ಸಿಗೆ ಈ ಎರಡೂ ತಡೆ ಇಲ್ಲ. 2012ರಲ್ಲಿ ಜಿಬೂಟಿಯಲ್ಲಿ ಸಿಕ್ಕಿತು. ಆ ವರ್ಷ ಅಲ್ಲಿ ಮಲೇರಿಯಾ ಪ್ರಕರಣ ಬರೀ 27. 2020ರಲ್ಲಿ 73,000 ದಾಟಿತು. ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾಗಳಲ್ಲೂ ಈಗ ಇದೆ. ಇಥಿಯೋಪಿಯಾದ ಡಿರೆ ಡಾವಾ ಪಟ್ಟಣದಲ್ಲಿ 2022ರಲ್ಲಿ ಒಣ ಹಂಗಾಮಿನಲ್ಲೇ ಮಲೇರಿಯಾ ಹಬ್ಬಿತು, ವಿದ್ಯಾರ್ಥಿಗಳ ಹಾಸ್ಟೆಲಿನಲ್ಲೂ. 2016ರಲ್ಲಿ ಮಲೇರಿಯಾ ಮುಕ್ತ ಅಂತ ಮಾನ್ಯತೆ ಪಡೆದ ಶ್ರೀಲಂಕಾದಲ್ಲೂ, ಮನ್ನಾರ್‌ನಲ್ಲಿ, ಅದೇ ಹೊತ್ತಿಗೆ ಈ ಸೊಳ್ಳೆ ಪತ್ತೆಯಾಯಿತು. ಟ್ಯಾಂಕು, ಸಂಪು, ಕ್ಯೂರಿಂಗ್ ನೀರಿನ ಬಗ್ಗೆ ಮುಂಬೈ, ಚೆನ್ನೈ, ಮಂಗಳೂರು ಕಲಿತದ್ದೆಲ್ಲ ಅವರಿಗೆ ಈಗ ತುರ್ತಾಗಿ ಬೇಕಾಗಿದೆ.

ಹವಾಮಾನ ಬದಲಾದ್ರೆ ಮುಂದೆ ನಮ್ಮ ಗತಿ ಏನು?

ಬರೀ "ಬಿಸಿ ಹೆಚ್ಚಾದರೆ ಮಲೇರಿಯಾ ಹೆಚ್ಚು" ಅಂತ ಹೇಳಿ ಹೆದರಿಸುವವರ ಮಾತು ಪೂರ್ತಿ ಸರಿಯಲ್ಲ. 20 ಡಿಗ್ರಿಯ ಊರು 22 ಆದರೆ ದಿನಗಳ ಲೆಕ್ಕ ಸೊಳ್ಳೆಯ ಕಡೆಗೆ ವಾಲುತ್ತದೆ. ಇಥಿಯೋಪಿಯಾ, ಕೊಲಂಬಿಯಾದ ಬೆಟ್ಟಗಳಲ್ಲಿ ಬಿಸಿ ಹೆಚ್ಚಿದ ವರ್ಷ ಮಲೇರಿಯಾ ಇನ್ನಷ್ಟು ಎತ್ತರಕ್ಕೆ ಏರಿದ್ದು ದಾಖಲಾಗಿದೆ. ಈಗಾಗಲೇ 35 ಇರುವ ಊರು 37 ಆದರೆ ಸೊಳ್ಳೆಗೇ ಕಷ್ಟ. ನನಗೆ ಹೆಚ್ಚು ಭಯ ಇರುವುದು ಮಳೆಯ ಬಗ್ಗೆ. ಪಾಕಿಸ್ತಾನದಲ್ಲಿ 2021ರಲ್ಲಿ ಸುಮಾರು 5 ಲಕ್ಷ ಪ್ರಕರಣ ಇತ್ತು. 2022ರ ಮಹಾಪ್ರವಾಹದ ವರ್ಷ 26 ಲಕ್ಷವಾಯಿತು. ನೀರು ಇಳಿಯದೆ ತಿಂಗಳುಗಟ್ಟಲೆ ನಿಂತಿತು, ಮನೆ ಬಿದ್ದ ಜನ ಬಯಲಿನಲ್ಲಿ ಮಲಗಿದರು, ಆಸ್ಪತ್ರೆ ತಲುಪುವ ದಾರಿ ಇರಲಿಲ್ಲ. ಬದಲಾದ ಹವೆ ಹೀಗೆ ಒಮ್ಮೆಲೇ ಮೈಮೇಲೆ ಬರುತ್ತದೆ. ಭಾರತ 2030ಕ್ಕೆ ಮಲೇರಿಯಾ ತೊಲಗಿಸುವ ಗುರಿ ಇಟ್ಟುಕೊಂಡಿದೆ. ರೋಗಿಗಳು ಕಡಿಮೆಯಾದಾಗ ಊರು ಮೈಮರೆಯುತ್ತದೆ, ಕಾರ್ಯಕರ್ತರನ್ನು ಬೇರೆ ಕೆಲಸಕ್ಕೆ ಹಾಕುತ್ತಾರೆ. ಸೊಳ್ಳೆ ಮಾತ್ರ ಅಲ್ಲೇ ಇರುತ್ತದೆ. ಅದೇ ನನಗೆ ದೊಡ್ಡ ಆತಂಕ.

ಸಾಯಂಕಾಲ ಹೊಗೆ ಬಿಡ್ತಾರಲ್ಲ, ಅಷ್ಟು ಸಾಲದಾ?

ಸಾಲದು. ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಗೆ ಮಾತ್ರ ತಾಗುತ್ತದೆ, ನೀರಲ್ಲಿರುವ ಮರಿಗೆ ಏನೂ ಆಗದು. ನಾಲ್ಕು ದಿನಕ್ಕೆ ಹೊಸ ಸೊಳ್ಳೆ ಬರುತ್ತದೆ. ಜ್ವರ ಒಮ್ಮೆಲೇ ಹಬ್ಬಿದಾಗ ಅದಕ್ಕೊಂದು ಉಪಯೋಗ ಇದೆ, ದಿನನಿತ್ಯದ ಕೆಲಸಕ್ಕೆ ಅಲ್ಲ.

ಸರಿ, ನಾಳೆ ಬೆಳಿಗ್ಗೆ ನಾನು ಎಲ್ಲಿಂದ ಶುರು ಮಾಡಲಿ?

ತಾರಸಿ ಹತ್ತಿ. ಟಾರ್ಚು, ಬಿಳಿ ಮಗ್ಗು ಜೊತೆಗಿರಲಿ. ಟ್ಯಾಂಕಿನ ಮುಚ್ಚಳ ಬಿರುಕು ಬಿಟ್ಟಿದೆಯಾ, ಗಾಳಿಗೆ ಹಾರಿಹೋಗಿದೆಯಾ ನೋಡಿ. ಆಮೇಲೆ ಸಂಪು, ಬಾವಿ, ಪಕ್ಕದ ಕಟ್ಟಡ. ಕಟ್ಟಡದ ಮೇಸ್ತ್ರಿಯ ಹತ್ತಿರ ಜಗಳಕ್ಕೆ ಹೋಗಬೇಡಿ, ಮಗ್ಗಿನಲ್ಲಿ ಮರಿ ತೋರಿಸಿ. ಕಣ್ಣಾರೆ ಕಂಡವರು ನೀರು ಚೆಲ್ಲದೆ ಇದ್ದದ್ದನ್ನು ನಾನು ನೋಡಿಲ್ಲ. ಮನೆಯಲ್ಲಿ ಯಾರಿಗಾದರೂ ಚಳಿಯ ಜೊತೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣ ಕೊಡಬೇಕಿಲ್ಲ. ಇನ್ನು ಟ್ಯಾಂಕಿಗೆ ಮುಚ್ಚಳ ಹಾಕಿದವರೂ ಮರೆಯುವ ಒಂದು ಜಾಗ ಇದೆ: ತುಂಬಿದ ನೀರು ಹೊರಗೆ ಹೋಗುವ ಓವರ್‌ಫ್ಲೋ ಪೈಪು. ಅದರ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿ.